ಸಂಪಾದಕರ ಉತ್ತರ: ಎದುರುಗಾಳಿಗೆ ಮೈಯೊಡ್ಡಿದ್ದು ಯಾರು?

ಮಂಡ್ಯದಿಂದ ಓದುಗರೊಬ್ರು ನಾಲ್ಕು ಪುಟದ ಕಾಗದ ಬರ್ದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ವಿಷಯ ಇಷ್ಟು. ಅವ್ರಿಗೆ ಐವತ್ತೈದು ವರ್ಷ. ನಾಲ್ಕು ವರ್ಷದಿಂದ ತಮ್ಮ ಬೀದಿಯಲ್ಲೇ ಇರೋ, ತಮಗಿಂತ ಮೂರು ವರ್ಷ ದೊಡ್ಡೋರಾದ ಗೆಳೆಯರ ಜೊತೆ ಭಾನುವಾರ ಬೆಳಿಗ್ಗೆ ಸೈಕಲ್ಲಲ್ಲಿ ಶ್ರೀರಂಗಪಟ್ಟಣದ ಕಡೆ ಹೋಗ್ತಾರೆ, ಅವ್ರನ್ನ ಅಣ್ಣ ಅಂತ್ಲೇ ಕರೆಯೋದು. ಹೊರಡೋವಾಗ ಪ್ರತಿ ಸಲ 'ಇವತ್ತು ಆರಾಮಾಗಿ ಹೋಗೋಣ' ಅಂತ ಮಾತಾಗತ್ತೆ, ಇಂಡುವಾಳು ದಾಟೋ ಹೊತ್ತಿಗೆ ಆ ಆರಾಮು ಎಲ್ಲೋ ಹೋಗಿರತ್ತೆ. ಪಕ್ಕಪಕ್ಕ ಹೋದ್ರೆ ಅಣ್ಣನ ಸೈಕಲ್ಲು ಯಾವಾಗ್ಲೂ ಅರ್ಧ ಚಕ್ರ ಮುಂದೆ, ಇವ್ರು ತುಳಿದು ಸಮಕ್ಕೆ ಬಂದ್ರೆ ಅವ್ರು ಮತ್ತೆ ಅಷ್ಟೇ ಮುಂದೆ, ಇಬ್ರೂ ಬಾಯ್ಬಿಟ್ಟು ಏನೂ ಹೇಳಲ್ಲ. ಆಷಾಢದ ಒಂದು ಭಾನುವಾರ ಎದುರುಗಾಳಿ ಜೋರಿತ್ತಂತೆ, ದಾರಿಯುದ್ದಕ್ಕೂ ಅಣ್ಣ ಮುಂದೆ ಇವ್ರು ಬೆನ್ನ ಹಿಂದೆ, ಕರಿಘಟ್ಟದ ಏರು ಬಂದಾಗ ಇವ್ರಿಗೆ ಅದೇನನ್ನಿಸ್ತೋ ಎದ್ದು ನಿಂತು ತುಳಿದು ಅವ್ರನ್ನ ಹಿಂದೆ ಹಾಕಿ ದೇವಸ್ಥಾನದ ಹತ್ರ ಮೊದ್ಲು ಮುಟ್ಟಿಬಿಟ್ರು. 'ನಾಲ್ಕು ವರ್ಷದಲ್ಲಿ ಮೊದಲನೇ ಸಲ ಸಾರ್, ತುಂಬಾ ಖುಷಿ ಆಯ್ತು, ಆಮೇಲೆ ಅವ್ರ ಮುಖ ನೋಡಿ ನಾಚಿಕೆ ಆಯ್ತು' ಅಂತ ಬರ್ದಿದಾರೆ. ಅದಾದ್ಮೇಲೆ ಎರಡು ಭಾನುವಾರ ಅಣ್ಣ ಮೊಣಕಾಲು ನೋವು ಅಂತ ಬಂದಿಲ್ಲ. ಆದ್ರೆ ಯಾರು ಎಲ್ಲಿ ಸೈಕಲ್ ತುಳಿದ್ರು ಅಂತ ತೋರಿಸೋ ಸ್ಟ್ರಾವಾ ಆ್ಯಪ್ ತೆಗೆದ್ರೆ ಬುಧವಾರ ಬೆಳಿಗ್ಗೆ ಅವ್ರು ಒಬ್ರೇ ಕರಿಘಟ್ಟ ಹತ್ತಿರೋದು ಕಾಣ್ತಾ ಇದೆ. ಓದುಗರು ಕೇಳಿರೋದು ಇದು: 'ಈ ವಯಸ್ಸಲ್ಲಿ ನಂಗೆ ಇಂಥ ಸಣ್ಣತನ ಯಾಕೆ ಬಂತು? ಇದನ್ನ ಬಿಡೋದು ಹೇಗೆ?'

ಸಾರ್, ನಿಮ್ಮ ಕಾಗದ ಓದಿ ಎರಡು ದಿನ ಬೇರೆ ಯಾವ ಕಾಗದಕ್ಕೂ ಉತ್ತರ ಬರೆಯೋಕಾಗ್ಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಮೊದ್ಲು ಆ ಸಣ್ಣತನ ಅನ್ನೋ ಪದ ತೆಗೆದುಬಿಡೋಣ. ಪಕ್ಕದಲ್ಲಿ ಇನ್ನೊಬ್ಬ ತುಳೀತಿದ್ರೆ ನಮ್ಮ ಕಾಲೂ ಜೋರಾಗತ್ತೆ, ಅದಕ್ಕೆ ಮನಸ್ಸಿನ ಅಪ್ಪಣೆ ಬೇಕಿಲ್ಲ. ಇದನ್ನ ನೂರಿಪ್ಪತ್ತು ವರ್ಷಕ್ಕೂ ಹಿಂದೇನೇ ಒಬ್ರು ಲೆಕ್ಕ ಹಾಕಿ ತೋರಿಸಿದಾರೆ, ಅದೂ ಸೈಕಲ್ ಇಟ್ಕೊಂಡೇ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ನಾರ್ಮನ್ ಟ್ರಿಪ್ಲೆಟ್ ಅನ್ನೋರು ಸೈಕಲ್ ರೇಸುಗಳ ದಾಖಲೆ ತಗೊಂಡು ಕೂತು ನೋಡಿದ್ರು, ಒಬ್ಬನೇ ಗಡಿಯಾರದ ವಿರುದ್ಧ ತುಳಿದವನಿಗಿಂತ ಜೊತೆಗಾರ ಇದ್ದವನು ಸರಾಸರಿ ಲೆಕ್ಕದಲ್ಲಿ ವೇಗ. ಆಮೇಲೆ ನಲವತ್ತು ಮಕ್ಕಳ ಕೈಗೆ ಮೀನು ಹಿಡಿಯೋ ಗಾಳದ ರಾಟೆ ಕೊಟ್ಟು ಒಂದು ಸಲ ಒಬ್ಬೊಬ್ರೇ, ಇನ್ನೊಂದು ಸಲ ಇಬ್ಬಿಬ್ರು ಪಕ್ಕ ನಿಂತು ತಿರುಗಿಸಿ ಅಂದ್ರು. 1898ರಲ್ಲಿ ಪ್ರಕಟ ಆಯ್ತು ಅದು. ಇಪ್ಪತ್ತು ಮಕ್ಕಳು ಜೊತೆಗಾರ ಇದ್ದಾಗ ಜೋರಾಗಿ ತಿರುಗಿಸಿದ್ರು, ಹತ್ತು ಮಕ್ಕಳಿಗೆ ಏನೂ ಅನ್ನಿಸ್ಲಿಲ್ಲ, ಉಳಿದ ಹತ್ತು ಮಕ್ಕಳು ಪಕ್ಕದವನನ್ನ ನೋಡಿ ಗಾಬರಿಬಿದ್ದು ಇನ್ನೂ ನಿಧಾನ ಆದ್ರು. ನಂಗೆ ಯಾವಾಗ್ಲೂ ನೆನಪಾಗೋದು ಆ ಹತ್ತು ಮಕ್ಕಳೇ. ಪೈಪೋಟಿ ಎಲ್ಲರಿಗೂ ಹುರುಪು ಕೊಡತ್ತೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ, ಕೈಕಾಲು ಆಡದ ಹಾಗಾಗೋರೂ ಇರ್ತಾರೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ.

ಇನ್ನೊಂದು ವಿಷಯ ಅದೇ ಲೇಖನದಲ್ಲಿ ಬರತ್ತೆ. ಜೊತೆಗಾರ ಇದ್ರೆ ಸೈಕಲ್ ಯಾಕೆ ವೇಗ ಹೋಗತ್ತೆ ಅನ್ನೋದಕ್ಕೆ ಆ ಕಾಲದಲ್ಲಿ ಜನ ಹೇಳ್ತಿದ್ದ ಕಾರಣಗಳನ್ನೆಲ್ಲ ಟ್ರಿಪ್ಲೆಟ್ ಪಟ್ಟಿ ಮಾಡಿದಾರೆ, ಅದರಲ್ಲಿ ಒಂದು ಗಾಳಿಮರೆ, ಇನ್ನೊಂದು ತಲೆಬಿಸಿ. ಮುಂದೆ ಇರೋನಿಗೆ ನಾನು ಸಾಕಷ್ಟು ಜೋರು ಹೋಗ್ತಿದೀನಾ ಇಲ್ವಾ ಅನ್ನೋ ಯೋಚನೆ ತಲೆ ತಿನ್ನತ್ತೆ, ಹಿಂದೆ ಇರೋನಿಗೆ ಅದಿಲ್ಲ, ಮುಂದಿನ ಚಕ್ರ ನೋಡ್ಕೊಂಡು ತುಳಿದ್ರೆ ಸಾಕು. ಈಗ ನಿಮ್ಮ ಆ ಆಷಾಢದ ಭಾನುವಾರಕ್ಕೆ ಬನ್ನಿ.

ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಹೋಗೋದು ಅಂದ್ರೆ ನೈರುತ್ಯ ದಿಕ್ಕಿಗೆ ಹೋಗೋದು. ಮುಂಗಾರು ಗಾಳಿ ಬರೋದೂ ಅಲ್ಲಿಂದಾನೇ. ಅಂದ್ರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಗಾಳಿ ನೇರ ಎದೆಗೆ. ನೀವು ಗಂಟೆಗೆ 20 ಕಿ.ಮೀ. ಹೋಗ್ತಿದ್ರಿ, ಎದುರುಗಾಳಿ 15 ಇತ್ತು ಅಂತ ಇಟ್ಕೊಳ್ಳಿ, ಮೈಗೆ ಬಡಿಯೋದು 35ರ ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರತ್ತೆ, ಹಾಗಾಗಿ ಗಾಳಿ ಇಲ್ಲದ ದಿನಕ್ಕಿಂತ ಮೂರು ಪಟ್ಟು ತಡೆ. ಅದನ್ನ ಸೀಳಿಕೊಂಡು ಹೋಗಿದ್ದು ಯಾರು? ನಿಮ್ಮ ಅಣ್ಣ. ಒಬ್ಬರ ಹಿಂದೆ ಹತ್ರ ಹತ್ರ ಅಂಟ್ಕೊಂಡು ಹೋದ್ರೆ ಹಿಂದಿರೋರಿಗೆ ಸುಮಾರು ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೂ ಶ್ರಮ ಉಳಿಯತ್ತೆ, ಸೈಕಲ್ಲಿನವರು ಇದಕ್ಕೆ ಡ್ರಾಫ್ಟಿಂಗ್ ಅಂತಾರೆ. ಏರಲ್ಲಿ ಸೈಕಲ್ ನಿಧಾನ ಆಗತ್ತೆ, ಅಲ್ಲಿ ಗಾಳಿಯ ಆಟ ಕಮ್ಮಿ, ಮೈಭಾರ ಎತ್ಕೊಂಡು ಹೋಗೋಕೆ ಕಾಲಲ್ಲಿ ಎಷ್ಟು ಉಳಿದಿದೆ ಅನ್ನೋದೇ ಲೆಕ್ಕ. ಕರಿಘಟ್ಟದ ಬುಡಕ್ಕೆ ಬಂದಾಗ ನಿಮ್ಮ ಕಾಲಲ್ಲಿ ಉಳಿದಿತ್ತು, ಅವ್ರ ಕಾಲಲ್ಲಿ ಖಾಲಿ ಆಗಿತ್ತು. ನೀವು ಅವ್ರನ್ನ ಹಿಂದೆ ಹಾಕಿದ್ದು ಅವ್ರ ಬೆನ್ನಿನ ಮರೆಯಲ್ಲಿ ಉಳಿಸ್ಕೊಂಡ ಶಕ್ತಿಯಿಂದ ಸಾರ್. ಅವ್ರು ಮುಂದೆ ಇದ್ದದ್ದು ಜಂಬಕ್ಕೇ ಅಂತ ನೀವು ಕಾಗದದಲ್ಲಿ ಮೂರು ಕಡೆ ಬರ್ದಿದೀರಿ. ಸ್ವಲ್ಪ ಜಂಬವೂ ಇದ್ದಿರಬಹುದು, ಇಲ್ಲ ಅನ್ನಲ್ಲ, ಆದ್ರೆ ತಮ್ಮನಂಥವನು ಬೆನ್ನ ಹಿಂದೆ ಬರ್ತಿದಾನೆ ಅಂತ ಗೊತ್ತಿದ್ದೂ ಅಷ್ಟು ದೂರ 'ನೀನು ಬಾರಪ್ಪ ಮುಂದೆ' ಅಂತ ಒಂದ್ಸಲಾನೂ ಕರೀದೆ ಗಾಳಿಗೆ ಮೈಯೊಡ್ಡಿದವರ ಬಗ್ಗೆ ಬರೀ ಜಂಬ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ಈಗ ನನ್ನ ವಿಷಯ. ಹನ್ನೆರಡು ವರ್ಷದ ಹಿಂದೆ ನಾನೂ ನನ್ನ ಭಾವನೂ ಚಾಮುಂಡಿಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗ್ತಿದ್ವಿ. ಮೈಸೂರಿನವರಿಗೆ ಹೇಳ್ಬೇಕಿಲ್ಲ, ಊರಿಂದ ಹೆಚ್ಚುಕಮ್ಮಿ ಮುನ್ನೂರು ಮೀಟರ್ ಮೇಲಕ್ಕೆ, ತಿರುವು ತಿರುವು. ನಾವಿಬ್ರೂ ಹತ್ತೋವಾಗ ಮಾತಾಡ್ತಿದ್ವಿ. ಮಾತಿನ ಆಸೆಗಲ್ಲ, ಉಸಿರು ಸಿಕ್ತಿದೆ ಅಂತ ಇನ್ನೊಬ್ಬನಿಗೆ ತೋರಿಸೋಕೆ. ನಾನು ಏನಾದ್ರೂ ಕೇಳೋ ಮುಂಚೆ ಎರಡು ಸಲ ಉಸಿರು ಎಳ್ಕೊಂಡು, ಮೂರನೇದರಲ್ಲಿ ಇಡೀ ವಾಕ್ಯ ಒಂದೇ ದಮ್ಮಿಗೆ ಹೇಳಿಬಿಡ್ತಿದ್ದೆ, ಆಮೇಲೆ ಅವ್ರು ಉತ್ತರ ಕೊಡೋವಾಗ ಬಾಯಿ ಆ ಕಡೆ ತಿರುಗಿಸಿ ಸದ್ದಾಗದ ಹಾಗೆ ಏದುಸಿರು ಬಿಡ್ತಿದ್ದೆ. ಅವ್ರೂ ಅದನ್ನೇ ಮಾಡ್ತಿದ್ರು ಅಂತ ಈಗ ಗೊತ್ತು. ಒಂದಿನ ನಂದಿ ಕಡೆ ರಸ್ತೆ ಒಡೆಯೋ ಜಾಗಕ್ಕೆ ಸ್ವಲ್ಪ ಮುಂಚೆ ಭಾವ ಇಳಿದು ನಿಂತ್ರು. 'ಚೈನ್ ಜಾರ್ತು ಕಣಯ್ಯ, ನೀನು ನಡಿ, ಹಾಕ್ಕೊಂಡ್ ಬರ್ತೀನಿ' ಅಂದ್ರು. ನಾನು ನಿಲ್ಲಲಿಲ್ಲ. ಮೇಲೆ ಮೊದ್ಲು ಮುಟ್ಟಿದ ಖುಷಿ ಇತ್ತು, ಸುಳ್ಳು ಹೇಳಲ್ಲ. ಇಪ್ಪತ್ತು ನಿಮಿಷ ಆದ್ಮೇಲೆ ಅವ್ರು ಬಂದ್ರು, ಕಾಫಿ ಕುಡಿದ್ವಿ, ಲೋಟ ಹಿಡ್ಕೊಂಡಿದ್ದ ಅವ್ರ ಬೆರಳು ನೋಡಿದೆ. ಚೈನ್ ಹಾಕಿದವರ ಬೆರಳು ಹೇಗಿರತ್ತೆ ಅಂತ ನಿಮಗೆ ಗೊತ್ತು, ಸೋಪು ಹಾಕಿ ತಿಕ್ಕಿದ್ರೂ ಉಗುರಿನ ಸಂದಿಯ ಕರಿ ಹೋಗಲ್ಲ. ಅವ್ರ ಬೆರಳಲ್ಲಿ ಒಂದು ಚುಕ್ಕೆ ಕರಿ ಇರ್ಲಿಲ್ಲ.

ನಾನು ನೋಡಿದ್ದನ್ನ ಅವ್ರು ನೋಡಿದ್ರು ಅನ್ಸತ್ತೆ. ಇಬ್ರೂ ಏನೂ ಅನ್ಲಿಲ್ಲ. ಒಂದು ವಾರ ಆದ್ಮೇಲೆ ಅಕ್ಕ ಫೋನ್ ಮಾಡಿದಾಗ ಮಾತಿನ ಮಧ್ಯೆ ಹೇಳಿದ್ಲು: 'ನಿಮ್ಮ ಭಾವ ಗುರುವಾರ ಬೆಳಿಗ್ಗೆನೂ ಬೆಟ್ಟಕ್ಕೆ ಹೋಗ್ತಾರೆ ಕಣೋ, ನಿಂಗೆ ಹೇಳ್ಬೇಡ ಅಂದಿದಾರೆ, ಅವತ್ತು ತಲೆ ಸುತ್ತು ಬಂದು ಅರ್ಧ ದಾರೀಲಿ ಕೂತಿದ್ರಂತಲ್ಲ, ನೀನು ಜೊತೆಗಿರ್ಲಿಲ್ವಾ?' ನಾನೇನು ಹೇಳಲಿ? ಜೊತೆಗಿದ್ದೆ, ಜೊತೆಗಿರ್ಲಿಲ್ಲ. ಅದಕ್ಕೇ ನಿಮ್ಮ ಕಾಗದದಲ್ಲಿ ಬುಧವಾರ ಅಂತ ಓದಿದಾಗ ಎರಡು ದಿನ ಪೆನ್ನು ಮುಟ್ಟೋಕಾಗ್ಲಿಲ್ಲ.

ನಂಗೆ ಅನ್ಸೋದು ಹೀಗೆ ಸಾರ್. ರೇಸು ಕೆಟ್ಟದ್ದಲ್ಲ, ಎದ್ದು ನಿಂತು ತುಳಿದು ಗೆಲ್ಲೋ ಖುಷಿ ಕೆಟ್ಟದ್ದಲ್ಲ, ಅದನ್ನ ಐವತ್ತೈದಕ್ಕೆ ಬಿಟ್ಟುಬಿಡ್ಬೇಕು ಅಂತ್ಲೂ ಇಲ್ಲ. ಏದುಸಿರು ಮುಚ್ಚಿಡೋದಿದೆಯಲ್ಲ, ಅದು ಕೆಟ್ಟದ್ದು. ಉಸಿರು ಸಿಕ್ತಿಲ್ಲ ಅಂತ ಪಕ್ಕದಲ್ಲಿರೋನಿಗೆ ಹೇಳೋಕಾಗದೇ ಹೋದ್ರೆ ಅವನು ಪಕ್ಕದಲ್ಲಿದ್ದು ಏನು ಬಂತು? ನಮ್ಮ ವಯಸ್ಸಲ್ಲಿ ಎದೆ ಬಿಗಿಯೋದು, ಎಡಗೈ ಅಥವಾ ದವಡೆ ನೋಯೋದು, ತಣ್ಣಗೆ ಬೆವರೋದು ಆದ್ರೆ ಅಲ್ಲೇ ಇಳಿದು ಕೂತು ಜೊತೆಗಿರೋರಿಗೆ ಬಾಯ್ಬಿಟ್ಟು ಹೇಳ್ಬೇಕು, ಡಾಕ್ಟ್ರ ಹತ್ರ ಹೋಗ್ಬೇಕು, ಚೈನ್ ಜಾರ್ತು ಅನ್ನಬಾರ್ದು. ಆರಾಮಾಗಿ ಹೋಗೋಣ ಅಂತ ಹೊರಟ ದಿನ ಅಳತೆಗೆ ಬೇರೆ ಯಂತ್ರ ಬೇಡ, ಪೂರ್ತಿ ವಾಕ್ಯ ಸಲೀಸಾಗಿ ಆಡೋಕೆ ಬರ್ತಿದ್ರೆ ಆರಾಮು, ಮೂರು ಮೂರು ಪದಕ್ಕೆ ಉಸಿರು ತಗೋಬೇಕಾದ್ರೆ ಆರಾಮಲ್ಲ. ಆದ್ರೆ ನಾನೂ ಭಾವನೂ ಮಾಡಿದ ಹಾಗೆ ಮಾತನ್ನೇ ನಾಟಕ ಮಾಡಿದ್ರೆ ಈ ಅಳತೆಯೂ ಸುಳ್ಳು ಹೇಳತ್ತೆ.

ಅರ್ಧ ಚಕ್ರದ ವಿಷಯ ಬೇರೆ ಇದೆ, ಅದು ನಂಗೆ ನಿಜವಾಗ್ಲೂ ಭಯ ಹುಟ್ಟಿಸೋದು. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದನ್ನೂ ಬಿಡಲ್ಲ, ಎಲ್ಲಾ ಸರ್ವಿಸ್ ರೋಡಲ್ಲೇ ಹೋಗ್ಬೇಕು. ಕಬ್ಬು ಕಡಿಯೋ ಕಾಲದಲ್ಲಿ ನಿಮ್ಮ ಕಡೆ ಲೋಡ್ ಟ್ರ್ಯಾಕ್ಟರ್ ಎಷ್ಟು ಅಗಲ ಬರತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ರಾಂಗ್ ಸೈಡಲ್ಲಿ ಬರೋ ಬೈಕು ಬೇರೆ. ಅಂಥ ರಸ್ತೆಯಲ್ಲಿ ನಿಮ್ಮ ಮುಂದಿನ ಚಕ್ರ ಅವ್ರ ಹಿಂದಿನ ಚಕ್ರದ ಪಕ್ಕಕ್ಕೆ ಬಂದಿರೋವಾಗ ಅವ್ರು ಗುಂಡಿ ತಪ್ಪಿಸೋಕೆ ಒಂದು ಗೇಣು ಈ ಕಡೆ ಸರಿದ್ರೆ ಬೀಳೋದು ಹಿಂದಿರೋರು, ಮುಂದಿರೋರಿಗೆ ಏನಾಯ್ತು ಅಂತ್ಲೂ ಗೊತ್ತಾಗಲ್ಲ. ಪೂರ್ತಿ ಹಿಂದೆ ಇರಿ, ಇಲ್ಲಾ ರಸ್ತೆ ಖಾಲಿ ಇರೋ ಕಡೆ ಹ್ಯಾಂಡಲ್‌ಗೆ ಹ್ಯಾಂಡಲ್ ಸಮ ಇರಿ. ಮಧ್ಯದಲ್ಲಿ ಬೇಡ. ಅಲ್ಲಿದ್ರೆ ಗಾಳಿಮರೆಯೂ ಸರಿಯಾಗಿ ಸಿಗಲ್ಲ.

ಬಿಆರ್‌ಎಂ ಅಂತ ದೂರದ ರೈಡ್‌ಗಳು ನಡೀತವೆ, ನೀವೂ ಕೇಳಿರ್ತೀರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಟೈಮು, 300ಕ್ಕೆ ಇಪ್ಪತ್ತು ಗಂಟೆ. ಅದರೊಳಗೆ ಬಂದ್ರೆ ಮುಗೀತು, ಮೊದಲು ಬಂದವರಿಗೂ ಕೊನೆ ನಿಮಿಷದಲ್ಲಿ ಬಂದವರಿಗೂ ಒಂದೇ ಲೆಕ್ಕ, ರ‍್ಯಾಂಕ್ ಇಲ್ಲ. ಅಲ್ಲೂ ಮನುಷ್ಯರೇ ಇರೋದು, ಒಳಗೊಳಗೆ ನೋಡ್ಕೋತಾರೆ, ಆದ್ರೆ ಗಾಳಿ ಬಂದಾಗ ಸರದಿ ಮೇಲೆ ಮುಂದೆ ಹೋಗ್ತಾರೆ, ಒಬ್ರು ಐದು ನಿಮಿಷ, ಆಮೇಲೆ ಪಕ್ಕಕ್ಕೆ ಸರಿದು ಹಿಂದಕ್ಕೆ, ಇನ್ನೊಬ್ರು ಮುಂದೆ. ಬಾಯ್ಬಿಟ್ಟು ಮಾಡ್ಕೊಂಡ ಏರ್ಪಾಟು ಅದು. ನಿಮ್ಮಿಬ್ಬರ ಮಧ್ಯೆ ನಾಲ್ಕು ವರ್ಷದಲ್ಲಿ ಅಂಥದ್ದೊಂದು ಮಾತು ಬಂದಿಲ್ಲ. ಹಾಗೇ ರೇಸ್ ಬೇಕಿದ್ರೆ ಅದನ್ನೂ ಬಾಯ್ಬಿಟ್ಟೇ ಮಾಡಿ, ಕರಿಘಟ್ಟದ ಬುಡದಲ್ಲಿ ಇಬ್ರೂ ಇಳಿದು ನೀರು ಕುಡಿದು ಸುಧಾರಿಸ್ಕೊಂಡು, ಇಲ್ಲಿಂದ ದೇವಸ್ಥಾನದವರೆಗೂ ಯಾರು ಮೊದ್ಲೋ ಅವ್ರಿಗೆ ಇನ್ನೊಬ್ರು ತಿಂಡಿ ಕೊಡಿಸ್ಬೇಕು ಅಂತ. ಸೋತವರು ಸೋತೆ ಅಂತ ಜೋರಾಗಿ ಏದುಸಿರು ಬಿಡ್ಲಿ.

ಇನ್ನು ಅಣ್ಣನ ಹತ್ರ ಏನು ಮಾತಾಡೋದು ಅಂತ ಕೇಳಿದೀರಿ. ಸ್ಟ್ರಾವಾದಲ್ಲಿ ಬುಧವಾರದ್ದು ನೋಡಿದೆ ಅಂತ ದಯವಿಟ್ಟು ಹೇಳ್ಬೇಡಿ. ನಾನು ಭಾವನ ಬೆರಳು ನೋಡಿದ ಹಾಗೆ ಆಗತ್ತೆ ಅದು, ಆಮೇಲೆ ನಾವು ಒಟ್ಟಿಗೆ ಬೆಟ್ಟ ಹತ್ತಿದ್ದು ಎರಡೇ ಸಲ. ಫೋನೂ ಬೇಡ, ಸಂಜೆ ಅವ್ರ ಮನೆಗೇ ಹೋಗಿ. 'ಅಣ್ಣ, ಅವತ್ತು ಗಾಳಿಯೆಲ್ಲ ನೀವೇ ತಗೊಂಡ್ರಿ, ನಾನು ನಿಮ್ಮ ಹಿಂದೆ ಕೂತ್ಕೊಂಡು ಬಂದು ಕೊನೇಲಿ ಓಡಿಬಿಟ್ಟೆ, ಮುಂದಿನ ವಾರ ನಾನು ಮುಂದೆ ಹೋಗ್ತೀನಿ, ನೀವು ಹಿಂದೆ ಬನ್ನಿ' ಅನ್ನಿ. ಕ್ಷಮೆ ಗಿಮೆ ಅಂತ ದೊಡ್ಡದು ಮಾಡ್ಬೇಡಿ, ಇಷ್ಟು ಸಾಕು, ಇದು ನಿಜಾನೂ ಹೌದು.

ಮೊಣಕಾಲು ನೋವು ಅಂದಿದಾರಲ್ಲ, ಅದನ್ನ ನಂಬಿ. ಒಬ್ರೇ ಹೋಗಿ ಏರು ಹತ್ತಿದ್ರೆ ನಿಜವಾಗ್ಲೂ ನೋಯ್ತಿರಬಹುದು. ಮಂಡಿಚಿಪ್ಪಿನ ಮುಂದೆ ನೋವಾ ಹಿಂದೆ ನೋವಾ ಅಂತ ಕೇಳಿ. ಸೀಟು ತಗ್ಗಾಗಿದ್ರೆ ಸಾಮಾನ್ಯವಾಗಿ ಮುಂದೆ ನೋಯತ್ತೆ, ಎತ್ತರ ಜಾಸ್ತಿ ಆದ್ರೆ ಹಿಂದೆ. ಪೆಡಲ್ ಪೂರ್ತಿ ಕೆಳಗಿರೋವಾಗ ಅದರ ಮೇಲೆ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಹಾಗೆ ಸೀಟು ಕೂರಿಸಿದ್ರೆ ತುಳಿಯೋವಾಗ ಮಂಡಿ ಬೇಕಾದಷ್ಟೇ ಮಡಚತ್ತೆ. ಇದನ್ನ ಒಬ್ರೇ ನೋಡ್ಕೊಳ್ಳೋಕಾಗಲ್ಲ ಸಾರ್, ಸೈಕಲ್ ಅಲ್ಲಾಡದ ಹಾಗೆ ಇನ್ನೊಬ್ರು ಹ್ಯಾಂಡಲ್ ಹಿಡ್ಕೊಂಡು ನಿಂತ್ಕೋಬೇಕು. ಹೋಗೋವಾಗ ಸೀಟು ಸಡಿಲಿಸೋ ನಿಮ್ಮ ಅಲೆನ್ ಕೀ ತಗೊಂಡು ಹೋಗಿ.