ಕಂಪ್ಯೂಟರ್ ಪ್ರಶ್ನೋತ್ತರ: ಬೆಳೆ, ನೀರು ಮತ್ತು ಬಣ್ಣದ ಚೌಕಗಳು

ಈ ಸಲದ ಪ್ರಶ್ನೆಗಳೆಲ್ಲ ಹೀಟ್‌ಮ್ಯಾಪ್ (ಕೋಷ್ಟಕದ ಅಂಕಿಗಳನ್ನು ಬಣ್ಣದ ಚೌಕಗಳಾಗಿ ತೋರಿಸುವ ಚಿತ್ರ) ಕುರಿತವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಮಂಡ್ಯ ಜಿಲ್ಲೆಯ ಏಳೂ ತಾಲ್ಲೂಕುಗಳ ರೈತರಿಂದ ಮಾಹಿತಿ ತೆಗೆದುಕೊಂಡಿದ್ದೇನೆ. ಒಬ್ಬ ರೈತರಿಗೆ ಒಂದು ಸಾಲು: ತಾಲ್ಲೂಕು, ನೀರಿನ ಮೂಲ (ನಾಲೆ, ಕೆರೆ, ಬೋರ್‌ವೆಲ್, ಮಳೆ), ಮುಖ್ಯ ಬೆಳೆ, ಹಿಡುವಳಿ ವರ್ಗ. ಎಲ್ಲವೂ ಪದಗಳೇ. ಪೈಥಾನ್‌ನಲ್ಲಿ ಚಿತ್ರ ಬರೆಯುವ ಪ್ಯಾಕೇಜ್ ಆದ ಸೀಬಾರ್ನ್‌ನ ಹೀಟ್‌ಮ್ಯಾಪ್‌ಗೆ ನೇರವಾಗಿ ಕೊಟ್ಟರೆ ಎರರ್ ಬರುತ್ತದೆ. ಪದಗಳಿಗೆ 0, 1, 2, 3 ಎಂದು ನಂಬರ್ ಹಾಕಿ ಕೊಟ್ಟೆ, ಬಣ್ಣವೇನೋ ಬಂತು. ಇದು ಸರಿಯೇ?
— ಕೃಷಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಸರಿಯಲ್ಲ. ನಾಲೆಗೆ 0, ಮಳೆಗೆ 3 ಕೊಟ್ಟವರು ನೀವು. ಅದನ್ನೇ ತಿರುಗಿಸಿ ಕೊಟ್ಟಿದ್ದರೆ ಬಣ್ಣವೂ ತಿರುಗುತ್ತಿತ್ತು. ಚೌಕದಲ್ಲಿ ಬರಬೇಕಾದದ್ದು ಎಣಿಕೆ: ನಾಲೆ ನೀರಿನಲ್ಲಿ ಕಬ್ಬು ಬೆಳೆಯುವವರು ಎಷ್ಟು, ಮಳೆ ನಂಬಿ ರಾಗಿ ಬಿತ್ತುವವರು ಎಷ್ಟು ಎಂಬುದು. ಅದಕ್ಕೆ ಕೋಷ್ಟಕಗಳ ಪ್ಯಾಕೇಜ್ ಆದ ಪಾಂಡಾಸ್‌ನ ಕ್ರಾಸ್‌ಟ್ಯಾಬ್ ಇದೆ. ಮೊದಲು ನೀರಿನ ಮೂಲದ ಕಾಲಂ, ಅಲ್ಪವಿರಾಮ, ಆಮೇಲೆ ಬೆಳೆಯ ಕಾಲಂ. ಮೊದಲನೆಯದು ಅಡ್ಡಸಾಲಾಗುತ್ತದೆ, ಎರಡನೆಯದು ಕಂಬಸಾಲು. ಬಂದ ಕೋಷ್ಟಕವನ್ನು ಹೀಟ್‌ಮ್ಯಾಪ್‌ಗೆ ಕೊಡಿ. ಆನೋಟ್ ಎಂಬುದಕ್ಕೆ ಟ್ರೂ, ಎಫ್‌ಎಮ್‌ಟಿ ಎಂಬುದಕ್ಕೆ 'ಡಿ' (ಪೂರ್ಣಾಂಕ ಎಂದರ್ಥ) ಕೊಟ್ಟರೆ ಚೌಕದೊಳಗೆ ಅಂಕಿಯೂ ಬರುತ್ತದೆ.

ಬಣ್ಣ ನೋಡುವ ಮೊದಲು ಒಂದು ಲೆಕ್ಕ ಮಾಡಿ. ಕೋಷ್ಟಕದ ಒಟ್ಟು ಮೊತ್ತ (ಸಮ್ ಎಂಬುದನ್ನು ಎರಡು ಸಲ ಹಾಕಿದರೆ ಸಿಗುತ್ತದೆ) ನಿಮ್ಮ ಫೈಲಿನ ಸಾಲುಗಳ ಸಂಖ್ಯೆಗೆ ಸರಿಹೊಂದಬೇಕು. ಕಡಿಮೆ ಬಂದರೆ ಯಾರೋ ಉತ್ತರ ಖಾಲಿ ಬಿಟ್ಟಿದ್ದಾರೆ ಎಂದರ್ಥ. ಕ್ರಾಸ್‌ಟ್ಯಾಬ್ ಖಾಲಿ ಇರುವ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೊದಲೇ ಫಿಲ್‌ಎನ್‌ಎ ಬಳಸಿ 'ತಿಳಿಸಿಲ್ಲ' ಎಂದು ತುಂಬಿದರೆ ಅವರೂ ಲೆಕ್ಕಕ್ಕೆ ಬರುತ್ತಾರೆ.

ಇನ್ನೊಂದು ತೊಂದರೆ ಕನ್ನಡದಲ್ಲಿ ಟೈಪ್ ಮಾಡಿದ ಮಾಹಿತಿಯಲ್ಲಿ ತಪ್ಪದೆ ಸಿಗುತ್ತದೆ. ಚಿತ್ರದಲ್ಲಿ 'ಬೋರ್‌ವೆಲ್' ಎರಡು ಸಾಲಾಗಿ ಬರುತ್ತದೆ, ಎರಡೂ ನೋಡಲು ಒಂದೇ. ಕಾರಣ, ಒಂದರ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಜೋಡಣೆ-ತಡೆ ಗುರುತು ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಕೇತ 200ಸಿ. ಅದು ಖಾಲಿ ಜಾಗವಲ್ಲವಾದ್ದರಿಂದ ಬರೀ ಸ್ಟ್ರಿಪ್ ಹಾಕಿದರೆ ಹೋಗುವುದಿಲ್ಲ, ಆ ಗುರುತನ್ನೇ ಸ್ಟ್ರಿಪ್‌ಗೆ ಕೊಟ್ಟು ಕಿತ್ತುಹಾಕಬೇಕು. ಪದದ ನಡುವೆ ಇರುವುದನ್ನು ಮುಟ್ಟಬೇಡಿ, 'ಬೋರ್ವೆಲ್' ಆಗಿಬಿಡುತ್ತದೆ; ಕೊನೆಯದನ್ನು ಮಾತ್ರ ತೆಗೆಯಿರಿ. ದೀರ್ಘ ಸ್ವರ ಚಿಹ್ನೆಗಳದ್ದು ಬೇರೆ ಕಥೆ. 'ಕೋ' ಬರೆಯಲು ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಇರಬಹುದು. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' ಎಂದು ಕೊಟ್ಟು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಆಮೇಲೆ ವ್ಯಾಲ್ಯೂ‌ಕೌಂಟ್ಸ್ ಓಡಿಸಿ ನೋಡಿ: ನಾಲ್ಕು ನೀರಿನ ಮೂಲಕ್ಕೆ ನಾಲ್ಕೇ ಹೆಸರು ('ತಿಳಿಸಿಲ್ಲ' ತುಂಬಿದ್ದರೆ ಅದೂ ಸೇರಿ ಐದು) ಬಂದರೆ ಮುಂದುವರಿಯಿರಿ.

ಒಟ್ಟು ಮೊತ್ತದ ಸಾಲೂ ಇರಲಿ ಎಂದು ಮಾರ್ಜಿನ್ಸ್ ಆನ್ ಮಾಡಿದ ಕೋಷ್ಟಕವನ್ನು ಮಾತ್ರ ಹೀಟ್‌ಮ್ಯಾಪ್‌ಗೆ ಕೊಡಬೇಡಿ. ಅತಿ ದೊಡ್ಡ ಅಂಕಿ ಮೂಲೆಯ ಮೊತ್ತದ್ದೇ. ಬಣ್ಣದ ಅಳತೆಯೆಲ್ಲ ಅದರ ಪಾಲಾಗಿ, ನಿಜವಾದ ಚೌಕಗಳು ಒಂದೇ ತೆರನಾಗಿ ಕಾಣುತ್ತವೆ.

ಪ್ರಶ್ನೆ: ನನ್ನ ಮಾಹಿತಿಯಲ್ಲಿ ನಾಲೆ ನೀರಿನವರು 120, ಅದರಲ್ಲಿ 72 ಜನ ಕಬ್ಬಿನವರು. ಒಟ್ಟು ಕಬ್ಬು ಬೆಳೆಗಾರರು 90. ಆ ಚೌಕದಲ್ಲಿ ಒಮ್ಮೆ 60 ಶೇಕಡಾ ಬರುತ್ತದೆ, ಇನ್ನೊಮ್ಮೆ 80. ಯಾವುದನ್ನು ಹಾಕಲಿ?
— ಓದುಗರು, ಮದ್ದೂರು

ಉತ್ತರ: ಎರಡೂ ಸರಿ, ಆದರೆ ಉತ್ತರ ಬೇರೆ ಬೇರೆ ಪ್ರಶ್ನೆಗೆ. ಕ್ರಾಸ್‌ಟ್ಯಾಬ್‌ನ ನಾರ್ಮಲೈಸ್‌ಗೆ 'ಇಂಡೆಕ್ಸ್' ಕೊಟ್ಟಾಗ 72ನ್ನು 120ರಿಂದ ಭಾಗಿಸುತ್ತದೆ: ನಾಲೆ ನೀರು ಸಿಕ್ಕವರಲ್ಲಿ ಕಬ್ಬು ಹಾಕುವವರು ಶೇ. 60. 'ಕಾಲಮ್ಸ್' ಕೊಟ್ಟಾಗ 90ರಿಂದ ಭಾಗಿಸುತ್ತದೆ: ಕಬ್ಬು ಹಾಕಿದವರಲ್ಲಿ ನಾಲೆಯನ್ನು ನಂಬಿದವರು ಶೇ. 80. ನಾಲೆಯ ನೀರು ನಿಲ್ಲಿಸಿದರೆ ಕಬ್ಬಿನವರಲ್ಲಿ ಎಷ್ಟು ಜನಕ್ಕೆ ಪೆಟ್ಟು ಎಂದು ಕೇಳುವುದಾದರೆ ಎರಡನೆಯದು. ನೀರಿದ್ದವರು ಏನು ಬೆಳೆಯುತ್ತಾರೆ ಎನ್ನುವುದಾದರೆ ಮೊದಲನೆಯದು. 'ಆಲ್' ಎಂಬ ಮೂರನೆಯದೂ ಇದೆ; ಇಡೀ ಮೊತ್ತದಿಂದ ಭಾಗಿಸುತ್ತದೆ. ನೀವು ಎಲ್ಲಿ ಹೆಚ್ಚು ಜನರನ್ನು ಕೇಳಿದಿರೋ ಅಲ್ಲೇ ಗಾಢ ಬಣ್ಣ ಬರುವುದರಿಂದ ಹೋಲಿಕೆಗೆ ಅದು ಅಷ್ಟಾಗಿ ಒದಗುವುದಿಲ್ಲ. ಯಾವುದೇ ಆದರೂ ಶೀರ್ಷಿಕೆಯಲ್ಲಿ 'ಪ್ರತಿ ಸಾಲಿನ ಮೊತ್ತ 100' ಎಂದೋ 'ಪ್ರತಿ ಕಂಬಸಾಲಿನ ಮೊತ್ತ 100' ಎಂದೋ ಬರೆಯಲೇಬೇಕು.

ಶೇಕಡಾವಾರು ಮಾಡಿದೊಡನೆ ಎಣಿಕೆ ಮರೆಯಾಗುತ್ತದೆ, ಅಪಾಯ ಅಲ್ಲಿದೆ. ಒಂದು ಸಾಲಿನಲ್ಲಿ ಮೂರೇ ಜನರಿದ್ದು ಇಬ್ಬರು ಭತ್ತದವರಾದರೆ ಆ ಚೌಕ ಶೇ. 67 ಎಂದು ಕಡುಗಪ್ಪಾಗಿ ಕೂರುತ್ತದೆ, 120 ಜನರ ಸಾಲಿಗಿಂತ ಜೋರಾಗಿ. ಬಣ್ಣಕ್ಕೆ ಶೇಕಡಾ ಕೋಷ್ಟಕ ಕೊಟ್ಟು, ಆನೋಟ್‌ಗೆ ಟ್ರೂ ಬದಲು ಎಣಿಕೆಯ ಕೋಷ್ಟಕವನ್ನೇ ಕೊಡಿ. ಆಗ ಬಣ್ಣ ಪಾಲನ್ನು ಹೇಳುತ್ತದೆ, ಅಂಕಿ ಜನರನ್ನು ಹೇಳುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಸಾಲನ್ನು ಮಾಸ್ಕ್ ಹಾಕಿ ಮರೆಮಾಡುವುದು ನಮ್ಮ ರೂಢಿ.

ಒಬ್ಬ ರೈತರು ಎರಡು ಬೆಳೆ ಹೇಳಿ, ಗೂಗಲ್ ಫಾರ್ಮ್‌ನಲ್ಲಿ 'ಕಬ್ಬು, ಭತ್ತ' ಎಂದು ಒಂದೇ ಕೋಶದಲ್ಲಿ ಬಂದಿದ್ದರೆ ಸ್ಪ್ಲಿಟ್ ಮಾಡಿ ಎಕ್ಸ್‌ಪ್ಲೋಡ್ ಹಾಕಿ, ಎರಡು ಸಾಲಾಗುತ್ತದೆ. ಅಲ್ಲಿಂದ ಮುಂದೆ ನಾರ್ಮಲೈಸ್ ಭಾಗಿಸುವುದು ಉತ್ತರಗಳ ಸಂಖ್ಯೆಯಿಂದ, ರೈತರ ಸಂಖ್ಯೆಯಿಂದಲ್ಲ. ರೈತರ ಪಾಲು ಬೇಕಿದ್ದರೆ ಎಣಿಕೆಯನ್ನು ಮೂಲ ಫೈಲಿನಲ್ಲಿ ಆ ಸಾಲಿಗೆ ಸೇರಿದ ರೈತರ ಸಂಖ್ಯೆಯಿಂದ ನೀವೇ ಭಾಗಿಸಬೇಕು. ಆಗ ಸಾಲಿನ ಮೊತ್ತ 100 ದಾಟುತ್ತದೆ, ದಾಟಬೇಕಾದ್ದೇ.

ಪ್ರಶ್ನೆ: ಹಿಡುವಳಿ ವರ್ಗಗಳು ಚಿತ್ರದಲ್ಲಿ ಅಡ್ಡಾದಿಡ್ಡಿಯಾಗಿ ಬರುತ್ತಿವೆ. ಸಣ್ಣ ಹಿಡುವಳಿ ಕೊನೆಗೆ ಹೋಗಿದೆ. ಸರಿಪಡಿಸುವುದು ಹೇಗೆ?
— ಓದುಗರು, ಪಾಂಡವಪುರ

ಉತ್ತರ: ಅದು ಅಡ್ಡಾದಿಡ್ಡಿಯಲ್ಲ, ಅಕ್ಷರಮಾಲೆಯ ಕ್ರಮ: ಅತಿಸಣ್ಣ, ಅರೆಮಧ್ಯಮ, ದೊಡ್ಡ, ಮಧ್ಯಮ, ಸಣ್ಣ. ನಿಮಗೆ ಬೇಕಾದದ್ದು ಕೃಷಿ ಗಣತಿಯ ಕ್ರಮ: 1 ಹೆಕ್ಟೇರಿಗಿಂತ ಕಡಿಮೆ ಅತಿಸಣ್ಣ, 1ರಿಂದ 2 ಸಣ್ಣ, 2ರಿಂದ 4 ಅರೆಮಧ್ಯಮ, 4ರಿಂದ 10 ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. (ರೈತರು ಹೇಳಿದ್ದು ಎಕರೆಯಲ್ಲಿದ್ದರೆ 2.47ರಿಂದ ಭಾಗಿಸಿದ ಮೇಲೆ ವರ್ಗ ಮಾಡಿ.) ಈ ಕ್ರಮವನ್ನು ಒಂದು ಪಟ್ಟಿಯಾಗಿ ಬರೆದು ಕೋಷ್ಟಕಕ್ಕೆ ರೀಇಂಡೆಕ್ಸ್ ಹಾಕಿ, ಜೊತೆಗೆ ಫಿಲ್‌ವ್ಯಾಲ್ಯೂ 0 ಕೊಡಿ. ಈ ಸೊನ್ನೆ ಮರೆತರೆ, ಯಾರೂ ಇಲ್ಲದ ವರ್ಗದಲ್ಲಿ ಖಾಲಿ ಬೆಲೆ ಕೂತು ಕೋಷ್ಟಕ ದಶಮಾಂಶಕ್ಕೆ ತಿರುಗುತ್ತದೆ. 'ಡಿ' ಎಂಬ ಎಫ್‌ಎಮ್‌ಟಿ ಆಗ ಎರರ್ ಕೊಡುತ್ತದೆ.

ಪಟ್ಟಿಯಲ್ಲಿ ಕಾಗುಣಿತ ತಪ್ಪಿದರೂ ರೀಇಂಡೆಕ್ಸ್ ಏನೂ ಗೊಣಗುವುದಿಲ್ಲ, ಆ ವರ್ಗಕ್ಕೆ ಸೊನ್ನೆ ಹಾಕಿ ಕೂರುತ್ತದೆ. ಇಡೀ ಸಾಲು ಸೊನ್ನೆಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕಾಗುಣಿತವನ್ನೇ.

ಪ್ರಶ್ನೆ: ಸರಸ್ವತಿಪುರಂನಲ್ಲಿ ಮೆಸ್ ನಡೆಸುತ್ತೇನೆ. ವಾರದ ದಿನ ಮತ್ತು ಹೊತ್ತು ಹಾಕಿ ಎಷ್ಟು ಊಟ ಹೋಯಿತೆಂದು ಚಿತ್ರ ಮಾಡಿದೆ. ಭಾನುವಾರ ರಾತ್ರಿ ರಜೆ, ಅದು 0 ಎಂದು ಬರುತ್ತದೆ.
— ಓದುಗರು, ಮೈಸೂರು

ಉತ್ತರ: ಬಾಗಿಲು ಹಾಕಿದ್ದಕ್ಕೂ ಬಾಗಿಲು ತೆರೆದು ಯಾರೂ ಬಾರದ್ದಕ್ಕೂ ಒಂದೇ ಬಣ್ಣ ಕೊಡಬಾರದು. ಆ ಚೌಕವನ್ನು ಮಾಸ್ಕ್ ಮಾಡಿ, ಹಿನ್ನೆಲೆಗೆ ಸೆಟ್‌ಫೇಸ್‌ಕಲರ್‌ನಲ್ಲಿ ತಿಳಿಬೂದು ಕೊಡಿ. ದಿನಗಳ ಕ್ರಮಕ್ಕೆ ಮೇಲಿನ ರೀಇಂಡೆಕ್ಸ್ ಸಾಕು.

ಪ್ರಶ್ನೆ: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಸೀಬಾರ್ನ್ ಚಿತ್ರ ಬರೆಯಲು ಬಳಸುವ ಪ್ಯಾಕೇಜ್) ಕನ್ನಡ ಹೆಸರುಗಳೆಲ್ಲ ಚೌಕ ಡಬ್ಬಿಗಳಾದವು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆ. ಡಬ್ಬಿ ಹೋಯಿತು, ಆದರೆ 'ಮಂಡ್ಯ'ದ ಯ-ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಪೂರ್ತಿ ಯ ಆಗಿ ನಿಂತಿದೆ. 'ಕಬ್ಬು', 'ಭತ್ತ' ಎಲ್ಲಕ್ಕೂ ಇದೇ ಗತಿ.
— ಓದುಗರು, ನಂಜನಗೂಡು

ಉತ್ತರ: ಡಬ್ಬಿ ಬಂದದ್ದು ಮೂಲ ಫಾಂಟ್ ಆದ ದೇಜಾವು ಸ್ಯಾನ್ಸ್‌ನಲ್ಲಿ ಕನ್ನಡ ಇಲ್ಲದ್ದರಿಂದ. ಒತ್ತಕ್ಷರ ಕೆಟ್ಟದ್ದು ಫಾಂಟಿನ ತಪ್ಪಲ್ಲ. ಅಕ್ಷರ, ವಿರಾಮ (ಅರ್ಧಾಕ್ಷರದ ಗುರುತು), ಅಕ್ಷರ ಸಾಲಾಗಿ ಬಂದಾಗ ಒತ್ತಿನ ಆಕಾರ ಆರಿಸಿ ಕೆಳಗಿಡುವ ಹಂತ ಬೇರೆಯೇ ಇದೆ. ಬ್ರೌಸರ್‌ಗಳು ಅದನ್ನು ಮಾಡುತ್ತವೆ; ನಿಮ್ಮಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತಿದೆ. ಎಷ್ಟು ಫಾಂಟ್ ಬದಲಿಸಿದರೂ ಅಷ್ಟೇ.

ಸುಲಭದ ದಾರಿ, ಚಿತ್ರ ಬರೆಯುವ ಕೆಲಸವನ್ನು ಬ್ರೌಸರ್‌ಗೆ ಬಿಡುವುದು. ಪ್ಲಾಟ್ಲಿ ಎಕ್ಸ್‌ಪ್ರೆಸ್‌ನ ಇಮ್‌ಶೋಗೆ ಅದೇ ಕ್ರಾಸ್‌ಟ್ಯಾಬ್ ಕೋಷ್ಟಕ ಕೊಟ್ಟು, ಟೆಕ್ಸ್ಟ್‌ಆಟೋಗೆ ಟ್ರೂ ಕೊಡಿ. ಒತ್ತಕ್ಷರ ಸರಿಯಾಗಿ ಕೂರುತ್ತದೆ. ಚಿತ್ರದ ಫೈಲ್ ಬೇಕಿದ್ದರೆ ಕಲೈಡೋ ಎಂಬ ಪ್ಯಾಕೇಜನ್ನೂ ಹಾಕಿಕೊಳ್ಳಬೇಕು. ವರದಿಯಲ್ಲಿ ಬಣ್ಣದ ಕೋಷ್ಟಕವೇ ಸಾಕೆಂದರೆ ಇನ್ನೂ ಸುಲಭ: ಪಾಂಡಾಸ್‌ನ ಸ್ಟೈಲ್‌ನಲ್ಲಿರುವ ಬ್ಯಾಕ್‌ಗ್ರೌಂಡ್‌ಗ್ರೇಡಿಯಂಟ್. ಅದರ ಆಕ್ಸಿಸ್‌ಗೆ ನನ್ ('ಯಾವುದೂ ಇಲ್ಲ' ಎಂಬರ್ಥದ ಪದ) ಎಂದು ಕೊಡಲು ಮರೆಯಬೇಡಿ. ಕೊಡದಿದ್ದರೆ ಪ್ರತಿ ಕಂಬಸಾಲಿಗೂ ಬೇರೆ ಬೇರೆ ಅಳತೆ ಹಿಡಿದು ಬಣ್ಣ ಹಚ್ಚುತ್ತದೆ. ಕಬ್ಬಿನ 72ಕ್ಕೂ ತೆಂಗಿನ 6ಕ್ಕೂ ಒಂದೇ ಗಾಢ ಬಣ್ಣ ಬೀಳಬಹುದು.

ಪ್ರಶ್ನೆ: ಎಲ್ಲ ಕಾಲಂಗಳ ನಡುವಿನ ಸಂಬಂಧವನ್ನು ಒಂದೇ ಹೀಟ್‌ಮ್ಯಾಪ್‌ನಲ್ಲಿ ತೋರಿಸಬೇಕು. ಹಿಂದೆ ಕಾರ್ ಎಂಬ ಆಜ್ಞೆ ಓಡುತ್ತಿತ್ತು, ಈಗ ಪದಗಳನ್ನು ಅಂಕಿಯಾಗಿ ಬದಲಿಸಲಾಗದು ಎನ್ನುತ್ತದೆ.
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಹಿಂದೆ ಓಡುತ್ತಿತ್ತೇ ಹೊರತು ಪದಗಳ ಕಾಲಂಗಳನ್ನು ಹೇಳದೆ ಕೇಳದೆ ಕೈಬಿಡುತ್ತಿತ್ತು. ಪಾಂಡಾಸ್ 2.0ರಿಂದ ಆ ಮೌನ ನಿಂತಿದೆ. ವರ್ಗಗಳಿಗೆ ಬೇಕಾದ ಅಳತೆ ಕ್ರಾಮರ್‌ನ ವಿ: ಕೈ-ಸ್ಕ್ವೇರ್ ಬೆಲೆಯನ್ನು (ಕಂಡ ಎಣಿಕೆಗೂ, ಸಂಬಂಧವೇ ಇಲ್ಲದಿದ್ದರೆ ನಿರೀಕ್ಷಿಸುವ ಎಣಿಕೆಗೂ ಇರುವ ಅಂತರದ ಅಳತೆ) ಒಟ್ಟು ಸಾಲುಗಳ ಸಂಖ್ಯೆಯಿಂದಲೂ, ಎರಡು ಕಾಲಂಗಳಲ್ಲಿ ಕಡಿಮೆ ವರ್ಗಗಳಿರುವುದರ ಸಂಖ್ಯೆಯಲ್ಲಿ ಒಂದು ಕಳೆದು ಬಂದದ್ದರಿಂದಲೂ ಭಾಗಿಸಿ ವರ್ಗಮೂಲ ತೆಗೆಯಿರಿ. 0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ತಿ ಸಂಬಂಧ. ಸೈಪೈ ಪ್ಯಾಕೇಜಿನ ಸ್ಟಾಟ್ಸ್ ಕಂಟಿಂಜೆನ್ಸಿಯಲ್ಲಿ ಅಸೋಸಿಯೇಷನ್ ಎಂಬ ಫಂಕ್ಷನ್‌ಗೆ ಎಣಿಕೆ ಕೋಷ್ಟಕವನ್ನೂ ಮೆಥಡ್‌ಗೆ 'ಕ್ರಾಮರ್' ಎಂದೂ ಕೊಟ್ಟರೆ ಅದೇ ಲೆಕ್ಕ ಹಾಕುತ್ತದೆ. ಕೊಡಬೇಕಾದದ್ದು ಎಣಿಕೆ, ಶೇಕಡಾ ಅಲ್ಲ. ಕಾಲಂಗಳ ಪ್ರತಿ ಜೋಡಿಗೂ ಲೂಪ್ ಓಡಿಸಿ, ಬಂದ ಮ್ಯಾಟ್ರಿಕ್ಸ್‌ಗೆ ವಿಮಿನ್ 0, ವಿಮ್ಯಾಕ್ಸ್ 1 ಎಂದು ಕಟ್ಟಿಹಾಕಿ. ಇಲ್ಲದಿದ್ದರೆ 0.15 ಕೂಡ ಭಾರಿ ಸಂಬಂಧದಂತೆ ಹೊಳೆಯಬಹುದು. ವರ್ಗಗಳು ಹೆಚ್ಚಿದ್ದು ಜನ ಕಡಿಮೆಯಿದ್ದರೆ ಈ ಬೆಲೆ ತಾನಾಗಿಯೇ ಉಬ್ಬುತ್ತದೆ. ಹಳ್ಳಿಯ ಹೆಸರಿನ ಕಾಲಂ ಸೇರಿಸಿದವರು ಇದನ್ನು ಕಾಣುತ್ತಾರೆ.

ಸಂಬಂಧ ಯಾವ ಚೌಕದಿಂದ ಬಂತೆಂದು ನೋಡಲು ಸ್ಟ್ಯಾಟ್ಸ್‌ಮಾಡೆಲ್ಸ್ ಪ್ಯಾಕೇಜಿನ ಟೇಬಲ್‌ನಲ್ಲಿ ಸಿಗುವ ಪಿಯರ್ಸನ್ ಉಳಿಕೆಗಳ ಹೀಟ್‌ಮ್ಯಾಪ್ ಮಾಡಿ: ಕಂಡ ಎಣಿಕೆಯಲ್ಲಿ ನಿರೀಕ್ಷಿತ ಎಣಿಕೆ ಕಳೆದು, ನಿರೀಕ್ಷಿತದ ವರ್ಗಮೂಲದಿಂದ ಭಾಗಿಸಿದ ಬೆಲೆ ಅದು. ಸುಮಾರು 2 ದಾಟಿದರೆ ಗಮನಿಸಿ. ನಿರೀಕ್ಷಿತ ಎಣಿಕೆ 5ಕ್ಕಿಂತ ಕೆಳಗಿರುವ ಚೌಕಗಳನ್ನು ನೆಚ್ಚಬೇಡಿ. ಎರಡು ತುದಿಗೆ ಎರಡು ಬಣ್ಣವಿರುವ ನೀಲಿ-ಕೆಂಪು ಪಟ್ಟಿ ಒಪ್ಪುವುದು ಇಲ್ಲಿ, ಸೆಂಟರ್ 0 ಇಟ್ಟು.

ಪ್ರಶ್ನೆ: ಎಣಿಕೆ ಚಿತ್ರಕ್ಕೆ ಯಾವ ಬಣ್ಣ? ಕೊನೆಗೆ ಜೆರಾಕ್ಸ್ ಮಾಡಿಸಿ ಹಂಚಬೇಕು.
— ಓದುಗರು, ಶ್ರೀರಂಗಪಟ್ಟಣ

ಉತ್ತರ: 'ಬ್ಲೂಸ್' ಅಥವಾ 'ಗ್ರೇಸ್'. ಕಾಮನಬಿಲ್ಲಿನ 'ಜೆಟ್' ಬೇಡ. ಅದರ ಎರಡೂ ತುದಿ ಗಾಢವಾದ್ದರಿಂದ ಜೆರಾಕ್ಸ್‌ನಲ್ಲಿ ಅತಿ ಹೆಚ್ಚೂ ಅತಿ ಕಡಿಮೆಯೂ ಒಂದೇ ಬೂದು. ಸೀಬಾರ್ನ್‌ಗೆ ಬಣ್ಣ ಹೇಳದೆ ಬಿಟ್ಟರೆ 'ರಾಕೆಟ್' ಹಾಕುತ್ತದೆ, ಅದರಲ್ಲಿ ಕಡಿಮೆ ಬೆಲೆ ಕಪ್ಪು, ಹೆಚ್ಚು ಬೆಲೆ ತಿಳಿ. ಕಾಗದದ ಮೇಲೆ ಜನ ಓದುವುದು ಅದಕ್ಕೆ ಉಲ್ಟಾ. ಚೌಕಗಳ ನಡುವೆ ಲೈನ್‌ವಿಡ್ತ್ಸ್ 0.5 ಕೊಟ್ಟರೆ ಬಿಳಿ ಗೆರೆ ಬಂದು ಜೆರಾಕ್ಸ್‌ನಲ್ಲೂ ಚೌಕ ಬೇರೆ ಬೇರೆಯಾಗಿ ಕಾಣುತ್ತದೆ. ಸೇವ್‌ಫಿಗ್‌ಗೆ ಡಿಪಿಐ 300, ಬಿಬಾಕ್ಸ್‌ಇಂಚಸ್‌ಗೆ 'ಟೈಟ್' ಕೊಡಿ. ಇಲ್ಲದಿದ್ದರೆ ಎಡಗಡೆಯ ಉದ್ದ ಹೆಸರುಗಳ ಮೊದಲಕ್ಷರ ಕತ್ತರಿಸಿ ಹೋಗುತ್ತದೆ.