ಲ್ಯಾಪ್‌ಟಾಪ್‌ನಲ್ಲಿ ಸಿಗುವ ಸಾಲುಗಳು ಸರ್ವರ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತಿರುವ ಬಗ್ಗೆ

ಪೈಥಾನ್‌ನ ಬ್ಯೂಟಿಫುಲ್ ಸೂಪ್ ಲೈಬ್ರರಿಯಿಂದ ವೆಬ್ ಪುಟದ ಕೋಷ್ಟಕದ ಸಾಲುಗಳನ್ನು ತೆಗೆಯುವ ನಿಮ್ಮ ಕೋಡ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸಾಲು ಕೊಟ್ಟು, ಸರ್ವರ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಒಂದೇ ಕೋಡ್ ಎರಡು ಕಡೆ ಎರಡು ರೀತಿ ನಡೆಯುತ್ತಿದ್ದರೆ ಬಹುಮಟ್ಟಿಗೆ ಕಾರಣ ಪಾರ್ಸರ್, ಅಂದರೆ ಪುಟದ ಎಚ್‌ಟಿಎಂಎಲ್ ಓದಿ ಟ್ಯಾಗುಗಳನ್ನು ಬಿಡಿಸಿಕೊಡುವ ಭಾಗ. ಬ್ಯೂಟಿಫುಲ್ ಸೂಪ್ ತಾನೇ ಎಚ್‌ಟಿಎಂಎಲ್ ಓದುವುದಿಲ್ಲ. ನೀವು ಪಾರ್ಸರ್ ಹೆಸರಿಸದಿದ್ದರೆ ಆ ಯಂತ್ರದಲ್ಲಿ ಎಲ್‌ಎಕ್ಸ್‌ಎಂಎಲ್ ಎಂಬ ಪಾರ್ಸರ್ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಎಚ್‌ಟಿಎಂಎಲ್5ಲಿಬ್, ಅದೂ ಇಲ್ಲದಿದ್ದರೆ ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್.ಪಾರ್ಸರ್. ಟ್ಯಾಗುಗಳು ನೆಟ್ಟಗಿದ್ದರೆ ವ್ಯತ್ಯಾಸ ಕಾಣದು. ಕೆಟ್ಟಿದ್ದರೆ ಒಂದೊಂದರದು ಒಂದೊಂದು ದಾರಿ: ತೆರೆಯದೆಯೇ ಮುಚ್ಚಿದ ಪಿ (ಪ್ಯಾರಾ) ಟ್ಯಾಗನ್ನು ಎಲ್‌ಎಕ್ಸ್‌ಎಂಎಲ್ ಸದ್ದಿಲ್ಲದೆ ಬಿಸಾಡುತ್ತದೆ, ಎಚ್‌ಟಿಎಂಎಲ್5ಲಿಬ್ ಅದಕ್ಕೊಂದು ಜೋಡಿ ಕೊಟ್ಟು ಖಾಲಿ ಪ್ಯಾರಾ ಕಟ್ಟುತ್ತದೆ.

ಮೊದಲು ಎಚ್‌ಟಿಎಂಎಲ್5ಲಿಬ್ ಅನ್ನು ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಮೂಲಕ ಎರಡೂ ಕಡೆ ಹಾಕಿಕೊಳ್ಳಿ. ಆಮೇಲೆ ಬ್ಯೂಟಿಫುಲ್‌ಸೂಪ್ ಕರೆಯುವಲ್ಲಿ ಎರಡನೆಯ ಆರ್ಗ್ಯುಮೆಂಟ್ ಆಗಿ ಅದರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇದು ನಿಧಾನ, ನಿಜ. ಆದರೆ ಹಾಳಾದ ಪುಟವನ್ನು ಬ್ರೌಸರ್ ಓದುವಂತೆಯೇ ಓದುತ್ತದೆ. ಸಾವಿರಾರು ಪುಟಗಳಿಲ್ಲದಿದ್ದರೆ ವೇಗದ ಚಿಂತೆ ಬೇಡ.

ಒಂದು ಎಚ್ಚರಿಕೆ. ಈ ಪಾರ್ಸರ್ ಕೋಷ್ಟಕದೊಳಗೆ ಟಿಬಾಡಿ (ಸಾಲುಗಳನ್ನು ಸುತ್ತುವ ಟ್ಯಾಗ್) ಇಲ್ಲದಿದ್ದರೆ ತಾನೇ ಸೇರಿಸುತ್ತದೆ. ನಿಮ್ಮ ಸೆಲೆಕ್ಟರ್ (ಟ್ಯಾಗು ಹುಡುಕುವ ಸೂತ್ರ) ಟೇಬಲ್‌ನ ನೇರ ಕೆಳಗೆ ಟಿಆರ್ (ಸಾಲಿನ ಟ್ಯಾಗ್) ಹುಡುಕುತ್ತಿದ್ದರೆ ಈಗ ಒಂದು ಸಾಲೂ ಸಿಗುವುದಿಲ್ಲ. ಸೆಲೆಕ್ಟರ್‌ನ ನಡುವಿನ ಬಾಣದ ಗುರುತು (>) ತೆಗೆದು ಅಲ್ಲಿ ಬರಿಯ ಜಾಗ ಬಿಡಿ.

ಪುಟವನ್ನು ನೋಡದೆ ಇಷ್ಟರಲ್ಲೇ ಸರಿಹೋಗುತ್ತದೆ ಎಂದು ಖಚಿತವಾಗಿ ಹೇಳಲಾರೆ. ಆಗಲೂ ಸಾಲುಗಳು ಕಡಿಮೆ ಬಂದರೆ, ಪಾರ್ಸ್ ಮಾಡುವ ಮೊದಲು ಬಂದ ಪಠ್ಯದ ಉದ್ದವನ್ನು ಎರಡೂ ಕಡೆ ಮುದ್ರಿಸಿ. ಅದೇ ಬೇರೆಯಾಗಿದ್ದರೆ ಸರ್ವರ್‌ಗೆ ಬರುತ್ತಿರುವ ಪುಟವೇ ಬೇರೆ. ಪಾರ್ಸರ್ ಬಿಟ್ಟು ರಿಕ್ವೆಸ್ಟ್‌ನ ಹೆಡರ್‌ಗಳನ್ನು (ಪುಟ ಕೇಳುವಾಗ ಜೊತೆಗೆ ಹೋಗುವ ವಿವರಗಳನ್ನು) ಹೋಲಿಸಿ.