ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೆರೆದ ಅಮೆರಿಕದ ಜಿಮ್ಮರ್ ಫ್ರೆಡೆಟ್ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಯಾಕೆ ನಿಲ್ಲಲಿಲ್ಲ? ಚೀನಾಕ್ಕೆ ಹೋಗಿದ್ದು ಸೋಲಲ್ಲವೇ?

ಸೋಲು ಅಂತ ನಾನು ಒಪ್ಪುವುದಿಲ್ಲ. ಅವನ ಕೈ ಕೆಡಲಿಲ್ಲ, ಕೈಗೆ ಚೆಂಡು ಬರುವುದು ನಿಂತಿತು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

2010-11ರಲ್ಲಿ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪರ ಪಂದ್ಯಕ್ಕೆ ಸರಾಸರಿ 28.9 ಅಂಕ ಹೊಡೆದು ಇಡೀ ಅಮೆರಿಕಕ್ಕೇ ಮೊದಲಿಗನಾಗಿದ್ದ. ನ್ಯೂ ಮೆಕ್ಸಿಕೊ ವಿರುದ್ಧ ಒಂದೇ ಪಂದ್ಯದಲ್ಲಿ 52. ಆಗ ಕಾಲೇಜು ಆಟದ ಶಾಟ್ ಕ್ಲಾಕ್ (ಬುಟ್ಟಿಗೆ ಎಸೆಯಲು ತಂಡಕ್ಕಿರುವ ಸಮಯ) 35 ಸೆಕೆಂಡ್, ಎನ್‌ಬಿಎಯದ್ದು 24. ಡ್ರಿಬಲ್ ಮಾಡುತ್ತಾ ಬಂದು, ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಲ್ಲುವ ಜೊತೆಗಾರ) ಸಿಕ್ಕ ಕ್ಷಣ ಒಂದು ಹೆಜ್ಜೆ ತಡೆದು, ಡಿಫೆಂಡರ್‌ನ ತೂಕ ಹಿಮ್ಮಡಿಗೆ ಬಿದ್ದದ್ದು ನೋಡಿ ಮೂರು ಅಂಕದ (ತ್ರೀ-ಪಾಯಿಂಟ್) ಗೆರೆಗಿಂತ ಎರಡು ಮೂರು ಅಡಿ ಆಚೆಯಿಂದಲೇ ಎಸೆಯುವುದು ಅವನ ಆಟ. ಇಂಥ ಆಟಕ್ಕೆ ಚೆಂಡು ಹೆಚ್ಚು ಹೊತ್ತು ಅವನ ಕೈಯಲ್ಲೇ ಇರಬೇಕು.

2011ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು) 10ನೇ ಆಯ್ಕೆಯಾಗಿ ಸ್ಯಾಕ್ರಮೆಂಟೊ ಕಿಂಗ್ಸ್ ಸೇರಿದ. ಆ ವರ್ಷ ಲಾಕ್‌ಔಟ್‌ನಿಂದ (ಮಾಲೀಕರು-ಆಟಗಾರರ ಒಪ್ಪಂದದ ಜಗಳಕ್ಕೆ ಲೀಗ್ ನಿಂತದ್ದು) ಸೀಸನ್ ಶುರುವಾದದ್ದೇ ಡಿಸೆಂಬರ್ 25ಕ್ಕೆ, ಹೊಸಬರಿಗೆ ಅಭ್ಯಾಸ ಶಿಬಿರ ಹೆಸರಿಗಷ್ಟೇ. ಕೆಲವೇ ಪಂದ್ಯಗಳಲ್ಲಿ ಕೋಚ್ ಬದಲಾದರು. ತಂಡದಲ್ಲಿ ಚೆಂಡು ಬೇಡುವವರು ಆಗಲೇ ಮೂವರಿದ್ದರು: ಟೈರೀಕ್ ಇವಾನ್ಸ್, ಮಾರ್ಕಸ್ ಥಾರ್ನ್‌ಟನ್, ಕಸಿನ್ಸ್. ಸಾಲದ್ದಕ್ಕೆ ಅದೇ ಡ್ರಾಫ್ಟ್‌ನ ಕೊನೆಯ, ಅಂದರೆ 60ನೇ ಆಯ್ಕೆ ಐಸೇಯಾ ಥಾಮಸ್ ಆಟ ನಡೆಸುವ ಪಾಯಿಂಟ್ ಗಾರ್ಡ್ ಜಾಗ ಹಿಡಿದ. ಫ್ರೆಡೆಟ್‌ಗೆ ಉಳಿದದ್ದು ಮೂಲೆಯಲ್ಲಿ ನಿಂತು ಪಾಸ್‌ಗೆ ಕಾಯುವ ಕೆಲಸ. ಡಿಫೆನ್ಸ್‌ನಲ್ಲಿ ಪಕ್ಕಕ್ಕೆ ಸರಿಯುವ ವೇಗವೂ ಕಮ್ಮಿ. ಎದುರಾಳಿಗಳು ಬೇಕಂತಲೇ ಅವನ ಮೇಲೇ ದಾಳಿ ಮಾಡುತ್ತಿದ್ದರು, ಕೋಚ್ ಬೆಂಚಿಗೆ ಕರೆಯುತ್ತಿದ್ದರು. ಹಾಗಿದ್ದೂ ಎನ್‌ಬಿಎಯಲ್ಲಿ ಅವನ ತ್ರೀ-ಪಾಯಿಂಟ್ ಎಸೆತಗಳ ಯಶಸ್ಸು ಸುಮಾರು ಶೇ. 37, ಒಳ್ಳೆಯ ಅಂಕಿಯೇ.

2016ರಲ್ಲಿ ಎನ್‌ಬಿಎಯ ಹಳೆಯ ಚೀನೀ ತಾರೆ ಯಾವ್ ಮಿಂಗ್ ಒಡೆತನದ ಶಾಂಘೈ ಶಾರ್ಕ್ಸ್ ಅವನನ್ನು ಕರೆಸಿಕೊಂಡಿತು. ಚೀನಾದ ಲೀಗ್‌ನಲ್ಲಿ ತಂಡಕ್ಕೆ ವಿದೇಶಿಯರು ಬೆರಳೆಣಿಕೆ, ಹಾಗಾಗಿ ಅಂಕ ಗಳಿಸುವ ಹೊರೆ ಪೂರ್ತಿ ಅವರ ಹೆಗಲಿಗೆ. ಮೊದಲ ಸೀಸನ್‌ನಲ್ಲೇ ಸರಾಸರಿ 37.6, ವಿದೇಶಿ ಆಟಗಾರರ ಎಂವಿಪಿ (ಅತ್ಯುತ್ತಮ ಆಟಗಾರ). 2017ರ ಫೆಬ್ರವರಿಯಲ್ಲಿ ಒಂದೇ ಪಂದ್ಯಕ್ಕೆ 73, 2018ರ ನವೆಂಬರ್‌ನಲ್ಲಿ 75. ಎರಡೂ ಪಂದ್ಯ ಶಾಂಘೈ ಸೋತಿತು, ಎರಡನೆಯದು ಒಂದೇ ಅಂಕದಿಂದ! ಅಲ್ಲಿನವರು ಅವನನ್ನು 'ಜಿಮೊ ದಾಶೆನ್' ಅನ್ನುತ್ತಾರೆ, 'ಒಂಟಿ ದೊಡ್ಡ ದೇವರು' ಅಂತ ಅರ್ಥ. ಜಿಮ್ಮರ್ ಹೆಸರಿನ ಸದ್ದನ್ನೇ ಹಿಡಿದು ಕಟ್ಟಿದ ಮಾತು.

ಒಂದು ಎಚ್ಚರಿಕೆ: ಸರಾಸರಿಗಳನ್ನು ನೇರವಾಗಿ ಹೋಲಿಸಬೇಡಿ. ಆಗ ಚೀನಾದಲ್ಲಿ ಪಂದ್ಯ 48 ನಿಮಿಷ, ಕಾಲೇಜಿನಲ್ಲೂ ಯುರೋಪಿನಲ್ಲೂ 40. ಆ 37.6ನ್ನು 40ಕ್ಕೆ ಇಳಿಸಿದರೆ 31 ಚಿಲ್ಲರೆ, ಅಂದರೆ ಕಾಲೇಜಿನ ಫ್ರೆಡೆಟ್‌ಗೆ ಹತ್ತಿರವೇ. ತ್ರೀ-ಪಾಯಿಂಟ್ ಗೆರೆಯೂ ಬೇರೆ: ಎನ್‌ಬಿಎಯಲ್ಲಿ ನಡುಭಾಗದಲ್ಲಿ 7.24 ಮೀಟರ್, ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಲ್ಲಿ 6.75.

2019ರಲ್ಲಿ ಎನ್‌ಬಿಎಯ ಫೀನಿಕ್ಸ್ ಸನ್ಸ್‌ಗೆ ಆರು ಪಂದ್ಯ, ಆಮೇಲೆ ಅಥೆನ್ಸ್‌ನ ಪನಾಥಿನೈಕೋಸ್, ಮತ್ತೆ ಶಾಂಘೈ. ಅವನ ಆಟಕ್ಕೆ ಹೇಳಿ ಮಾಡಿಸಿದ್ದು ಮಾತ್ರ ಮೂವರ ಎದುರು ಮೂವರು ಆಡುವ 3x3. ಅಲ್ಲಿ ಗೆರೆಯೊಳಗಿನ ಬುಟ್ಟಿಗೆ 1, ಹೊರಗಿನದಕ್ಕೆ 2. ಮಾಮೂಲಿ ಆಟದಲ್ಲಿ ದೂರದ ಎಸೆತದ ಬೆಲೆ ಒಂದೂವರೆ ಪಟ್ಟು, ಇಲ್ಲಿ ಪೂರ್ತಿ ಎರಡು ಪಟ್ಟು. 12 ಸೆಕೆಂಡ್ ಕ್ಲಾಕ್, ಅರ್ಧ ಅಂಗಳ. 2023ರ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ಬಂತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗಾಯಗೊಂಡು ಅರ್ಧಕ್ಕೇ ಹೊರಬಿದ್ದ. ಮೂವರೇ ಉಳಿದ ತಂಡಕ್ಕೆ ಬದಲಿ ಆಟಗಾರನೂ ಇರಲಿಲ್ಲ.